‘ವಯಸ್ಸಾದ ಮೇಲೆ ಹುಣ್ಣಾಗೋದು ಸಹಜ’ ಅಂದರೆ ಒಪ್ಪಿಕೊಳ್ಳಬೇಕೆ?

ಪ್ರಶ್ನೆ: ನನ್ನ ತಾಯಿಗೆ 81 ವರ್ಷ. ಏಳು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲಿನ ಸ್ವಾಧೀನ ಹೋಗಿದೆ. ಮರೆವೂ ಇದೆ. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಐದು ತಿಂಗಳಿಂದ ಅವರನ್ನು ಒಂದು ಆರೈಕೆ ಕೇಂದ್ರದಲ್ಲಿ ಬಿಟ್ಟಿದ್ದೇವೆ. ಸೇರಿಸುವಾಗ 52 ಕೆ.ಜಿ. ಇದ್ದರು, ಈಗ 46. ಕಳೆದ ಭಾನುವಾರ ಡಯಾಪರ್ ಬದಲಿಸುವಾಗ ನಾನೇ ನೋಡಿದೆ. ಬೆನ್ನುಮೂಳೆಯ ತುದಿಯಲ್ಲಿ ಬಾಟಲಿ ಮುಚ್ಚಳದಷ್ಟು ಅಗಲ ಚರ್ಮ ಕಿತ್ತುಹೋಗಿತ್ತು, ಪಕ್ಕದಲ್ಲೇ ನೇರಳೆ ಬಣ್ಣದ ಕಲೆ ಇತ್ತು. ಕೇಳಿದ್ದಕ್ಕೆ, ‘ವಯಸ್ಸಾದವರಿಗೆ ಇದೆಲ್ಲ ಸಹಜ, ಪೌಡರ್ ಹಾಕ್ತಿದ್ದೀವಿ’ ಎಂದರು. ಚಾರ್ಟ್‌ನಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಾಗಿ ಸಹಿ ಇದೆ. ಈಚೆಗೆ ಅಮ್ಮ ಇಡೀ ದಿನ ತೂಕಡಿಸುತ್ತಾರೆ. ರಾತ್ರಿ ಕೂಗಾಡುತ್ತಾರೆಂದು ಏನೋ ಮಾತ್ರೆ ಶುರು ಮಾಡಿದ್ದಾರಂತೆ. ಮಂಚದ ಎರಡೂ ಕಡೆ ಕಂಬಿ ಏರಿಸಿರುತ್ತಾರೆ. ಈಗ ಮೂತ್ರಕ್ಕೆ ಕ್ಯಾತಿಟರ್ (ಮೂತ್ರ ಹೊರಗೆ ಹರಿಸುವ ಕೊಳವೆ) ಹಾಕೋಣ ಎನ್ನುತ್ತಿದ್ದಾರೆ. ಜೋರು ಮಾಡಿದರೆ ನಾವಿಲ್ಲದಾಗ ಅಮ್ಮನ ಮೇಲೆ ಸಿಟ್ಟು ತೀರಿಸಿಕೊಂಡಾರು ಎಂಬ ಭಯ. ಮನೆಗೆ ಕರೆತರಬೇಕೆ, ಬೇರೆ ಕಡೆ ಸೇರಿಸಬೇಕೆ, ಇಲ್ಲೇ ಸರಿಹೋಗುತ್ತದೆಯೆ?

ಉತ್ತರ: ಅಮ್ಮನನ್ನು ಎಲ್ಲಿಡಬೇಕು ಎಂದು ಕೇಳಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ಹುಣ್ಣು, ತೂಕ, ಮಂಪರು, ಕಂಬಿ, ಕ್ಯಾತಿಟರ್ ಎಂದು ಐದು ಸಂಗತಿಗಳಿವೆ. ಇವನ್ನು ಬಿಡಿಬಿಡಿಯಾಗಿ ನೋಡಬೇಡಿ, ಒಂದರ ಬಾಲ ಇನ್ನೊಂದರ ಬಾಯಲ್ಲಿದೆ. ಮಾತ್ರೆಯಿಂದ ಮಂಪರು ಕವಿಯುತ್ತದೆ. ಮಂಪರಿನಲ್ಲಿರುವವರು ಸರಿಯಾಗಿ ನುಂಗುವುದಿಲ್ಲ, ನಿದ್ದೆಯಲ್ಲಿ ತಾವಾಗಿ ಹೊರಳುವುದೂ ನಿಲ್ಲುತ್ತದೆ. ಹೊರಳದ ಮೈಗೆ ಹುಣ್ಣಾಗುತ್ತದೆ, ಊಟ ಸಾಲದ ಮೈಯಲ್ಲಿ ಆ ಹುಣ್ಣು ಮಾಯುವುದಿಲ್ಲ. ಅದಕ್ಕೆ ಪೌಡರ್ ಹಾಕಿದರೆ ಸರಪಳಿಯ ಕೊನೆಯ ಕೊಂಡಿಗೆ ಬಣ್ಣ ಬಳಿದಂತಾಯಿತು, ಅಷ್ಟೆ.

‘ಸಹಜ’ ಎಂಬ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ವಯಸ್ಸಿನಲ್ಲಿ ಚರ್ಮ ತೆಳುವಾಗುತ್ತದೆ, ಅದರ ಕೆಳಗಿನ ಕೊಬ್ಬು ಕರಗುತ್ತದೆ, ಗಾಯ ನಿಧಾನ ಮಾಯುತ್ತದೆ. ಬದುಕಿನ ಕೊನೆಯ ದಿನಗಳಲ್ಲಿ, ರಕ್ತ ಸಂಚಾರವೇ ಕುಗ್ಗಿದಾಗ, ಎಷ್ಟು ಚೆನ್ನಾಗಿ ನೋಡಿಕೊಂಡರೂ ಕೆಲವರಿಗೆ ಹುಣ್ಣಾಗುವುದುಂಟು. ಆದರೆ ನೀವು ಬರೆದಿರುವಂತೆ ನಿಮ್ಮ ತಾಯಿ ಆ ಹಂತದಲ್ಲಿಲ್ಲ. ಒಂದೇ ಜಾಗದಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಗಂಟೆಗಟ್ಟಲೆ ಸಿಕ್ಕಿಕೊಂಡು, ಅಲ್ಲಿಗೆ ರಕ್ತ ಬರುವುದು ನಿಂತಿದ್ದರಿಂದ ಆಗಿರುವ ಬೆಡ್ ಸೋರ್ ಇದು. ಎಲ್ಲವನ್ನೂ ತಡೆಯಲಾಗದಿದ್ದರೂ ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು.

ನೇರಳೆ ಕಲೆಯ ವಿಷಯ

ಕಿತ್ತುಹೋದ ಚರ್ಮಕ್ಕಿಂತ ನನಗೆ ಹೆಚ್ಚು ಚಿಂತೆ ಅದರ ಪಕ್ಕದ ನೇರಳೆ ಕಲೆಯದು. ಬೆಡ್ ಸೋರ್‌ಗಳನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರೆ. ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚದ ಕೆಂಪು ಇದ್ದರೆ ಮೊದಲ ಹಂತ. ಮೇಲ್ಚರ್ಮ ಕಿತ್ತಿದ್ದರೆ ಅಥವಾ ನೀರ್ಗುಳ್ಳೆ ಎದ್ದಿದ್ದರೆ ಎರಡನೆಯದು. ಚರ್ಮ ಪೂರ್ತಿ ಹೋಗಿ ಕೊಬ್ಬು ಕಂಡರೆ ಮೂರನೆಯದು. ಸ್ನಾಯು, ಮೂಳೆ ಕಂಡರೆ ನಾಲ್ಕನೆಯದು. ನಿಮ್ಮ ತಾಯಿಯ ಕಿತ್ತ ಗಾಯ ಎರಡನೆಯ ಹಂತದ್ದಿರಬಹುದು. ನೇರಳೆ ಅಥವಾ ಕಡುಗೆಂಪು ಕಲೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಮೂಳೆಯ ಮಗ್ಗುಲಿನ ಮಾಂಸ ಒಳಗೇ ಕೊಳೆಯಲು ಶುರುವಾಗಿ, ಮೇಲಿನ ಚರ್ಮ ಇನ್ನೂ ಮುಚ್ಚಿಕೊಂಡಿರುವಾಗ ಅದು ಹಾಗೆ ಕಾಣುತ್ತದೆ. ಒತ್ತಡ ಬಿದ್ದು ಸಾಮಾನ್ಯವಾಗಿ 48ರಿಂದ 72 ಗಂಟೆಗಳ ನಂತರ ಕಲೆ ಮೇಲಕ್ಕೆ ಬರುತ್ತದೆ. ಹಾಗಾಗಿ ಭಾನುವಾರ ಕಂಡದ್ದು ಗುರುವಾರ, ಶುಕ್ರವಾರದ ಕಥೆ ಇರಬಹುದು.

ಇದರಿಂದ ನೀವು ತಿಳಿಯಬೇಕಾದ ಮುಖ್ಯ ಮಾತೊಂದಿದೆ. ಇವತ್ತಿನಿಂದ ಆರೈಕೆ ಎಷ್ಟೇ ಸರಿಯಾದರೂ ಮುಂದಿನ ಒಂದೆರಡು ವಾರದಲ್ಲಿ ಆ ಕಲೆ ಬಾಯಿಬಿಟ್ಟು ಆಳದ ಹುಣ್ಣಾಗಬಹುದು. ಹಾಗಾದರೆ ಅದು ಹಳೆಯ ಪೆಟ್ಟಿನ ಫಲ. ಅದನ್ನೇ ಹಿಡಿದು ಹೊಸ ಡ್ರೆಸಿಂಗ್ ಮಾಡಿದವರನ್ನು ಬೈದರೆ ಪ್ರಯೋಜನವಿಲ್ಲ. ಕಲೆ ಹಾಗೇ ಮಾಸಿಯೂ ಹೋಗಬಹುದು. ಆ ಜಾಗದ ಮೇಲೆ ಇನ್ನೊಂದು ನಿಮಿಷವೂ ಭಾರ ಬೀಳಬಾರದು ಎಂಬುದು ಎರಡಕ್ಕೂ ಸಮಾನ.

ಕಪ್ಪು, ಎಣ್ಣೆಗೆಂಪು ಮೈಬಣ್ಣದವರಲ್ಲಿ ಮೊದಲ ಹಂತದ ಕೆಂಪು ಕಾಣದೇ ಹೋಗಬಹುದು. ಅಂಥವರಿಗೆ ಕೈಬೆರಳ ಹಿಂಬದಿಯಿಂದ ಮುಟ್ಟಿ ನೋಡಬೇಕು. ಸುತ್ತಲ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೆ, ಗಡುಸಾಗಿದೆಯೆ ಅಥವಾ ಕಳಿತ ಹಣ್ಣಿನಂತೆ ಮೆದುವಾಗಿದೆಯೆ, ಮುಟ್ಟಿದರೆ ಮುಖ ಹಿಂಡುತ್ತಾರೆಯೆ ಎಂದು ಗಮನಿಸಬೇಕು. ಬಣ್ಣವನ್ನು ಮಾತ್ರ ನೋಡುವ ಕೇಂದ್ರಗಳಲ್ಲಿ ಇಂಥವರ ಹುಣ್ಣು ಪತ್ತೆಯಾಗುವುದು ಚರ್ಮ ಒಡೆದ ಮೇಲೆ.

ಪೌಡರ್ ನಿಲ್ಲಿಸಲು ಹೇಳಿ. ಒದ್ದೆಯಲ್ಲಿ ಅದು ಹರಳುಗಟ್ಟಿ ಮರಳಿನಂತೆ ಉಜ್ಜುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅವು ಹೊಸದಾಗಿ ಹುಟ್ಟುವ ಮಾಂಸವನ್ನೂ ಕೊಲ್ಲುತ್ತವೆ. ಸೋಂಕಿಲ್ಲದ ಗಾಯವನ್ನು ಸಲೈನ್‌ನಿಂದ ತೊಳೆದು, ತೇವ ಹಿಡಿದಿಡುವ ಡ್ರೆಸಿಂಗ್‌ನಿಂದ ಮುಚ್ಚುವುದು ಸರಿಯಾದ ಕ್ರಮ. ‘ಗಾಳಿಗೆ ಬಿಟ್ಟರೆ ಒಣಗುತ್ತೆ’ ಎಂಬುದು ಹಳೆಯ ನಂಬಿಕೆ. ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ, ಒಳಗೆ ಮೊದಲೇ ನಲುಗಿದ ರಕ್ತನಾಳಗಳು ತಿಕ್ಕಿದರೆ ಹರಿಯುತ್ತವೆ. ನಡುವೆ ತೂತಿರುವ ಟ್ಯೂಬ್‌ನಂಥ ದಿಂಬನ್ನು ಪ್ರೀತಿಯಿಂದ ಕೊಂಡೊಯ್ಯುವವರು ಬಹಳ. ಅದು ತೂತಿನ ಸುತ್ತ ಬಳೆಯಂತೆ ಒತ್ತಿ ಮಧ್ಯದ ಮಾಂಸಕ್ಕೆ ರಕ್ತವೇ ಬಾರದಂತೆ ಮಾಡುತ್ತದೆ.

ಮಗ್ಗುಲು ಬದಲಿಸುವುದು ಎಂದರೇನು

ಚಾರ್ಟ್‌ನಲ್ಲಿ ಸಹಿ ಇದ್ದೂ ಹುಣ್ಣಾಗುವುದಕ್ಕೆ ಎರಡು ಕಾರಣ ಇರಬಹುದು. ಒಂದೋ ಬದಲಿಸಿಲ್ಲ, ಇಲ್ಲವೇ ಬದಲಿಸಿದ್ದು ಬದಲಿಸಿದಂತಿಲ್ಲ. ಎರಡನೆಯದು ನಾವು ತಿಳಿದಿರುವುದಕ್ಕಿಂತ ಹೆಚ್ಚು ನಡೆಯುತ್ತದೆ. ಬೆನ್ನ ಹಿಂದೆ ಒಂದು ಚಿಕ್ಕ ದಿಂಬು ಸಿಗಿಸಿ ‘ಎಡಕ್ಕೆ’ ಎಂದು ಬರೆದಿರುತ್ತಾರೆ. ಭುಜ ವಾಲಿರುತ್ತದೆ, ಬೆನ್ನುಮೂಳೆಯ ತುದಿ ಮಾತ್ರ ಹಾಸಿಗೆಗೆ ಒತ್ತಿಕೊಂಡೇ ಇರುತ್ತದೆ.

ಸರಿಯಾದ ಭಂಗಿ ಸುಮಾರು 30 ಡಿಗ್ರಿ ವಾಲು. ಪೂರ್ತಿ ಮಗ್ಗುಲಿಗೆ ಮಲಗಿಸಿದರೆ ತೊಡೆಯ ಪಕ್ಕದ ಮೂಳೆ ಒತ್ತಿ ಅಲ್ಲೊಂದು ಹುಣ್ಣಾಗುತ್ತದೆ. ಉದ್ದದ ದಿಂಬು ಭುಜದಿಂದ ಸೊಂಟದ ಕೆಳಗಿನವರೆಗೂ ಆನಿಕೆ ಕೊಡಬೇಕು, ಮೊಣಕಾಲುಗಳ ನಡುವೆ ಇನ್ನೊಂದು ಇರಬೇಕು. ಇಷ್ಟಾದ ಮೇಲೆ ಅಂಗೈ ಮೇಲೆ ಮಾಡಿ ಕೈಯನ್ನು ಬೆನ್ನುಮೂಳೆಯ ತುದಿಯ ಕೆಳಗೆ ತೂರಿಸಿ. ಮೂಳೆ ಕೈಗೆ ಒತ್ತದೆ ಬಿಡುವಾಗಿ ಸಿಕ್ಕರೆ ಮಗ್ಗುಲು ಬದಲಾಗಿದೆ, ಒತ್ತಿದರೆ ಇಲ್ಲ. ಈ ಪರೀಕ್ಷೆಗೆ ಹತ್ತು ಸೆಕೆಂಡ್ ಸಾಕು, ಓದುಬರಹದ ಅಗತ್ಯವೂ ಇಲ್ಲ. ನೀವೂ ಮಾಡಿ, ಆಯಾಗೂ ತೋರಿಸಿಕೊಡಿ. ಸ್ವಾಧೀನವಿಲ್ಲದ ಎಡ ಮಗ್ಗುಲಿಗೆ ಮಲಗಿಸಿದಾಗ ಆ ಭುಜವನ್ನು ಸ್ವಲ್ಪ ಮುಂದಕ್ಕೆ ತಂದಿರಬೇಕು, ಕೈ ಮೈಕೆಳಗೆ ಸಿಕ್ಕಿರಬಾರದು. ಕಂಕುಳಿಗೆ ಕೈಹಾಕಿ ಮೇಲೆಳೆಯುವುದು ಬೇಡವೇ ಬೇಡ. ಲಕ್ವ ಹೊಡೆದ ಭುಜದ ಕೀಲು ಜಾರುತ್ತದೆ. ಜೊತೆಗೆ ಮೈ ಹಾಸಿಗೆ ಮೇಲೆ ತಿಕ್ಕಿ, ಮೇಲಿನ ಚರ್ಮ ಅಲ್ಲೇ ಉಳಿದು ಒಳಗಿನ ಮೂಳೆ ಮಾತ್ರ ಮುಂದೆ ಸರಿದು, ನಡುವಿನ ರಕ್ತನಾಳಗಳು ತಿರುಚಿಕೊಳ್ಳುತ್ತವೆ. ಇಬ್ಬರು ಹಿಡಿದು ಹಾಸುಬಟ್ಟೆಯ ಸಮೇತ ಎತ್ತಿ ಸರಿಸಬೇಕು.

ತಲೆಕಡೆ ಎತ್ತರಿಸಿದ ಮಂಚವೂ ಇದೇ ತೊಂದರೆ ಮಾಡುತ್ತದೆ. ಊಟಕ್ಕೆ ನೆಟ್ಟಗೆ ಕೂರಿಸಲೇಬೇಕು, ಊಟವಾದ ಮೇಲೂ ಅರ್ಧ ಗಂಟೆ ಹಾಗೇ ಇರಬೇಕು. ಆಮೇಲೆ 30 ಡಿಗ್ರಿಗೋ ಅದಕ್ಕಿಂತ ಕೆಳಕ್ಕೋ ಇಳಿಸಬೇಕು. ಅನೇಕ ಕಡೆ ಮಧ್ಯಾಹ್ನ ಏರಿಸಿದ ತಲೆಕಡೆ ಸಂಜೆವರೆಗೂ ಇಳಿಯುವುದಿಲ್ಲ. ರೋಗಿ ಇಂಚಿಂಚೇ ಕೆಳಕ್ಕೆ ಜಾರುತ್ತಿರುತ್ತಾರೆ. ಏರಿಸುವಾಗ ಮೊದಲು ಮೊಣಕಾಲ ಭಾಗ, ಆಮೇಲೆ ತಲೆಭಾಗ ಏರಿಸಿದರೆ ಜಾರುವುದು ಕಡಿಮೆ. ಕುರ್ಚಿಯಲ್ಲಿ ಕೂರಿಸಿದಾಗ ಗಂಟೆಗೊಮ್ಮೆ ಭಂಗಿ ಬದಲಿಸಬೇಕು, ಏಕೆಂದರೆ ಕುಳಿತಾಗ ಭಾರವೆಲ್ಲ ಬೀಳುವುದು ಪೃಷ್ಠದ ಮೇಲೇ. ಹುಣ್ಣು ಮಾಯುವವರೆಗೆ ಊಟದ ಹೊತ್ತು ಬಿಟ್ಟರೆ ದೀರ್ಘ ಕೂರಿಕೆ ಬೇಡ.

‘ಏರ್ ಬೆಡ್ ಹಾಕಿಬಿಟ್ಟರೆ ಆಯ್ತಲ್ಲ’ ಎಂದೂ ಹೇಳುತ್ತಾರೆ. ಏರ್ ಬೆಡ್ ಒಳ್ಳೆಯದೇ, ಆದರೆ ಅದು ಮಗ್ಗುಲು ಬದಲಿಸುವುದಕ್ಕೆ ಪರ್ಯಾಯವಲ್ಲ. ಅದರ ಪಂಪ್ ಅನ್ನು ರೋಗಿಯ ತೂಕಕ್ಕೆ ಹೊಂದಿಸಬೇಕು. 46 ಕೆ.ಜಿ.ಯವರನ್ನು ಹಿಂದಿನ ರೋಗಿಗೆ ಇಟ್ಟಿದ್ದ 90 ಕೆ.ಜಿ. ಸೆಟ್ಟಿಂಗ್‌ನಲ್ಲೇ ಮಲಗಿಸಿದರೆ ಅದು ಹಲಗೆಯಷ್ಟೇ ಗಟ್ಟಿ. ಗಾಳಿ ಕಡಿಮೆಯಾಗಿದ್ದರೆ ಮೂಳೆ ಕೆಳಗಿನ ಮಂಚಕ್ಕೇ ತಾಗುತ್ತದೆ. ಏರ್ ಬೆಡ್‌ನ ಅಡಿಯಿಂದ, ಸೊಂಟದ ನೇರಕ್ಕೆ ಕೈ ಹಾಕಿ ನೋಡಿ, ಕೈಗೂ ಮೈಗೂ ನಡುವೆ ಕನಿಷ್ಠ ಎರಡೂವರೆ ಸೆಂ.ಮೀ. ಗಾಳಿಯ ಪದರ ಸಿಗಬೇಕು. ಅದರ ಮೇಲೆ ರಬ್ಬರ್ ಶೀಟು, ಮಡಚಿದ ಬೆಡ್‌ಶೀಟು, ಪ್ಯಾಡು, ದಪ್ಪ ಡಯಾಪರ್ ಎಲ್ಲ ಪೇರಿಸಿದರೆ ಹಾಕಿಯೂ ಹಾಕದಂತೆ.

ತೂಕ ಇಳಿದದ್ದು ಎಲ್ಲಿ

52ರಿಂದ 46ಕ್ಕೆ ಎಂದರೆ ಐದು ತಿಂಗಳಲ್ಲಿ ಶೇಕಡಾ 11ಕ್ಕೂ ಹೆಚ್ಚು. ಒಂದು ತಿಂಗಳಲ್ಲಿ ಶೇಕಡಾ 5, ಮೂರು ತಿಂಗಳಲ್ಲಿ ಏಳೂವರೆ, ಆರು ತಿಂಗಳಲ್ಲಿ 10 ಇಳಿದರೆ ಅದು ಗಂಭೀರ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಅಳತೆ. ಆ ಗೆರೆ ದಾಟಿ ಆಗಿದೆ. ಪ್ರತಿ ತಿಂಗಳ ತೂಕದ ದಾಖಲೆ ಕೇಳಿ. ದಾಖಲೆಯೇ ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಹುಣ್ಣು ಮಾಯಬೇಕಾದರೆ ಕೆ.ಜಿ. ತೂಕಕ್ಕೆ ದಿನಕ್ಕೆ 30ರಿಂದ 35 ಕ್ಯಾಲೊರಿ, 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ತಾಯಿಗೆ ಅದು ಸುಮಾರು 1,400ರಿಂದ 1,600 ಕ್ಯಾಲೊರಿ, 58ರಿಂದ 69 ಗ್ರಾಂ ಪ್ರೋಟೀನ್. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಲೆಕ್ಕವನ್ನು ವೈದ್ಯರೇ ಹೇಳಬೇಕು. ತಟ್ಟೆಗೆ ಬಡಿಸಿದ್ದು ಎಷ್ಟು ಎಂಬುದು ಇಲ್ಲಿ ಮುಖ್ಯವಲ್ಲ, ಒಳಗೆ ಹೋದದ್ದು ಎಷ್ಟು ಎಂಬುದು ಮುಖ್ಯ. ಚಾರ್ಟ್‌ನಲ್ಲಿ ‘ಊಟ ಆಯಿತು’ ಎಂದಿದ್ದರೆ ಏನೂ ತಿಳಿಯುವುದಿಲ್ಲ. ಅರ್ಧ, ಮುಕ್ಕಾಲು, ಎರಡು ಚಮಚ ಎಂದು ಬರೆಯಲು ಹೇಳಿ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂರಿ. ಗಡಿಯಾರ ನೋಡಿಕೊಳ್ಳಿ. ಸ್ಟ್ರೋಕ್ ಆದವರಿಗೆ ಅರ್ಧ ಚಮಚದ ತುತ್ತು ಕೊಟ್ಟು, ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಮುಂದಿನದು ಕೊಡಬೇಕಾದ್ದರಿಂದ ಒಂದು ಊಟಕ್ಕೆ ಅರ್ಧ ಗಂಟೆ ಬೇಕೇಬೇಕು. ಹತ್ತು ನಿಮಿಷದಲ್ಲಿ ಮುಗಿದರೆ ತೂಕ ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ. ಎಡಗೆನ್ನೆಯೊಳಗೆ ನೋಡಿ, ಸ್ಪರ್ಶವಿಲ್ಲದ ಕಡೆ ತುತ್ತು ಕುಳಿತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಊಟದ ನಡುವೆ ಕೆಮ್ಮು, ಊಟವಾದ ಮೇಲೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ ಇದ್ದರೆ ನುಂಗುವಿಕೆಯ ಪರೀಕ್ಷೆ ಮಾಡಿಸಲೇಬೇಕು. ಕೆಲವರಿಗೆ ಕೆಮ್ಮೇ ಬಾರದೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ, ಹಾಗಾಗಿ ಕೆಮ್ಮಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ತೂಕ ಇಳಿದಾಗ ಹಲ್ಲಿನ ಸೆಟ್ ಸಡಿಲವಾಗಿ ಅಗಿಯಲಾಗದೆ ಊಟ ಬಿಡುವವರೂ ಇದ್ದಾರೆ. ದಿನಕ್ಕೆ ಎರಡು ಬಾರಿ ಬಾಯಿ ಸ್ವಚ್ಛ ಮಾಡುವುದು ಅಲಂಕಾರಕ್ಕಲ್ಲ. ಬಾಯಿಯ ಕೊಳೆಯೇ ಉಸಿರಿನ ದಾರಿಗೆ ಇಳಿದು ನ್ಯುಮೋನಿಯಾ ತರುತ್ತದೆ.

ನೀರನ್ನೂ ಕೇಳಿ ನೋಡಿ. ಡಯಾಪರ್ ಪದೇ ಪದೇ ಬದಲಿಸಬೇಕಾಗುತ್ತದೆಂದು ಸಂಜೆಯ ಮೇಲೆ ನೀರು ಕೊಡದಿರುವುದು ಯಾರೂ ಒಪ್ಪಿಕೊಳ್ಳದ, ಆದರೆ ನಡೆಯುವ ಪದ್ಧತಿ. ಹೃದಯ, ಕಿಡ್ನಿಯ ಕಾರಣಕ್ಕೆ ವೈದ್ಯರು ಮಿತಿ ಹಾಕಿರದಿದ್ದರೆ ವಯಸ್ಸಾದ ಹೆಂಗಸರಿಗೆ ದಿನಕ್ಕೆ ಸುಮಾರು 1.6 ಲೀಟರ್ ದ್ರವ ಬೇಕು.

ಮಾತ್ರೆ, ಕಂಬಿ, ಕ್ಯಾತಿಟರ್

ಈ ಮೂರೂ ‘ಸುರಕ್ಷತೆಗಾಗಿ’ ಎಂಬ ಹೆಸರಿನಲ್ಲಿ ಬರುತ್ತವೆ. ಯಾರ ಸುರಕ್ಷತೆ ಎಂದು ಪ್ರತಿ ಬಾರಿಯೂ ಕೇಳಬೇಕು.

ಮಾತ್ರೆಯ ಹೆಸರು, ಪ್ರಮಾಣ, ಬರೆದ ವೈದ್ಯರು, ಶುರುವಾದ ತಾರೀಕು, ಯಾವಾಗ ಮರುಪರಿಶೀಲನೆ ಎಂಬ ಐದನ್ನೂ ಬರೆದುಕೊಳ್ಳಿ. ರಿಸ್ಪೆರಿಡೋನ್, ಕ್ವೆಟಿಯಾಪಿನ್, ಹ್ಯಾಲೊಪೆರಿಡಾಲ್ ಮುಂತಾದ ಮಾನಸಿಕ ಕಾಯಿಲೆಯ ಔಷಧಗಳು ಮರೆಗುಳಿತನವಿರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ಪೀಳಿಗೆಯವಕ್ಕೆ, 2008ರಲ್ಲಿ ಹಳೆಯವಕ್ಕೂ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಅಂಟಿಸಿದೆ. ಸ್ಟ್ರೋಕ್ ಆದವರಲ್ಲಿ ಇನ್ನೂ ಜಾಗ್ರತೆ ಬೇಕು. ಕೊಡಲೇಬಾರದೆಂದಲ್ಲ. ತಮಗೋ ಇತರರಿಗೋ ಅಪಾಯ ತಂದುಕೊಳ್ಳುವಷ್ಟು ಉದ್ರೇಕ ಇದ್ದಾಗ, ಅತಿ ಕಡಿಮೆ ಪ್ರಮಾಣದಲ್ಲಿ, ಗೊತ್ತಾದ ಅವಧಿಗೆ ಕೊಡಬಹುದು. ರಾತ್ರಿ ಕೂಗುವುದು ಅಷ್ಟರಿಂದಲೇ ಆ ಗುಂಪಿಗೆ ಸೇರುವುದಿಲ್ಲ. ಕೂಗಿಗೆ ಕಾರಣ ಹುಣ್ಣಿನ ನೋವಿರಬಹುದು, ನಾಲ್ಕು ದಿನದ ಮಲಬದ್ಧತೆ ಇರಬಹುದು, ಬಾಯಾರಿಕೆ, ಒದ್ದೆ ಡಯಾಪರ್, ಕಟ್ಟಿಕೊಂಡ ಮೂತ್ರ ಇರಬಹುದು. ಹಗಲೆಲ್ಲ ತೂಕಡಿಸಿದವರು ರಾತ್ರಿ ಎಚ್ಚರವಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಇವನ್ನು ಒಂದೊಂದಾಗಿ ನೋಡಿ ತೆಗೆದುಹಾಕಿದ ಮೇಲೆ ಉಳಿದದ್ದಕ್ಕೆ ಮಾತ್ರೆ.

ಆದರೆ ನೀವೇ ಹೋಗಿ ಮಾತ್ರೆ ನಿಲ್ಲಿಸಿಬಿಡಬೇಡಿ. ಅದು ಲೊರಾಜೆಪಾಮ್, ಕ್ಲೊನಾಜೆಪಾಮ್ ಗುಂಪಿನದಾಗಿದ್ದರೆ ಥಟ್ಟನೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು. ವೈದ್ಯರು ಹಂತಹಂತವಾಗಿ ಇಳಿಸಬೇಕು. ಹಾಗೆಯೇ ಮಾತ್ರೆ ಪುಡಿ ಮಾಡಿ ಊಟಕ್ಕೆ ಬೆರೆಸುತ್ತಿದ್ದಾರೆಯೆ ಎಂದು ಕೇಳಿ. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆ ಪುಡಿಯಾದರೆ ದಿನದ ಪ್ರಮಾಣ ಒಂದೇ ಸಲಕ್ಕೆ ರಕ್ತ ಸೇರುತ್ತದೆ.

ರೋಗಿ ಬೀಳುವುದನ್ನು ಕಂಬಿ ತಪ್ಪಿಸುತ್ತದೆ ಎಂಬುದು ಅರ್ಧ ಸತ್ಯ. ಗೊಂದಲದಲ್ಲಿರುವವರು ಕಂಬಿ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಕಂಬಿಗೂ ಹಾಸಿಗೆಗೂ ನಡುವಿನ ಸಂದಿಯಲ್ಲಿ ಕತ್ತು, ಎದೆ ಸಿಕ್ಕಿ ಸತ್ತವರಿದ್ದಾರೆ. ಏರ್ ಬೆಡ್ ಅಂಚಿನಲ್ಲಿ ಕುಸಿಯುವುದರಿಂದ ಆ ಸಂದಿ ಇನ್ನೂ ದೊಡ್ಡದಾಗುತ್ತದೆ. ಅತಿ ತಗ್ಗಿಗೆ ಇಳಿಯುವ ಮಂಚ, ಪಕ್ಕದಲ್ಲಿ ನೆಲಕ್ಕೆ ಮೆತ್ತನೆಯ ಮ್ಯಾಟ್, ಬಲಗೈಗೆ ಸಿಗುವ ಕರೆಗಂಟೆ ಇವು ಉತ್ತಮ. ಗಂಟೆಯನ್ನು ಸ್ವಾಧೀನವಿಲ್ಲದ ಎಡಗಡೆ ಕಟ್ಟಿರುವುದನ್ನು ಎಷ್ಟೋ ಕಡೆ ಕಾಣಬಹುದು.

ಕ್ಯಾತಿಟರ್ ಸದ್ಯಕ್ಕೆ ಬೇಡ ಎನ್ನಿ. ಮೂತ್ರ ಕಟ್ಟಿಕೊಂಡರೆ, ಅಥವಾ ಮೂರು, ನಾಲ್ಕನೆಯ ಹಂತದ ಹುಣ್ಣು ಮೂತ್ರದಿಂದ ನೆನೆಯುತ್ತಿದ್ದರೆ ಕೆಲ ಕಾಲಕ್ಕೆ ಹಾಕುವುದು ಸರಿ. ಡಯಾಪರ್ ಬದಲಿಸುವ ಕೆಲಸ ಉಳಿಸಲು ಹಾಕಬಾರದು. ಕ್ಯಾತಿಟರ್ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇಕಡಾ 3ರಿಂದ 7ರಷ್ಟು ಏರುತ್ತದೆ, ತಿಂಗಳು ತುಂಬುವಷ್ಟರಲ್ಲಿ ಬಹುತೇಕ ಎಲ್ಲರಲ್ಲೂ ಸೇರಿರುತ್ತದೆ. ಬದಲಿಗೆ ಎರಡು ಗಂಟೆಗೊಮ್ಮೆ ಡಯಾಪರ್ ನೋಡುವುದು, ಸೋಪು ಹಾಕಿ ತಿಕ್ಕದೆ ತೊಳೆಯುವುದು, ಸುತ್ತಲ ಚರ್ಮಕ್ಕೆ ಜಿಂಕ್ ಆಕ್ಸೈಡ್ ಮುಲಾಮು ತೆಳ್ಳಗೆ ಹಚ್ಚುವುದು ಸಾಕು.

ಎಲ್ಲದರ ಹಿಂದಿನ ಲೆಕ್ಕ

ಇಂಥ ಪತ್ರಗಳಲ್ಲಿ ‘ಅಲ್ಲಿನವರಿಗೆ ಕರುಣೆಯೇ ಇಲ್ಲ’ ಎಂಬ ಮಾತು ಇರುತ್ತದೆ. ನೀವು ಬರೆದಿಲ್ಲ, ಅದಕ್ಕೆ ಮೆಚ್ಚುಗೆ. ಏಕೆಂದರೆ ಬಹಳ ಸಲ ಕೊರತೆ ಕರುಣೆಯದಲ್ಲ, ನಿಮಿಷಗಳದ್ದು. ಒಂದು ಮಹಡಿಯಲ್ಲಿ 30 ಜನ, ಅವರಲ್ಲಿ ತಾವಾಗಿ ಹೊರಳಲಾರದವರು 10 ಮಂದಿ, ರಾತ್ರಿ ಇಬ್ಬರು ಆಯಾಗಳು ಎಂದುಕೊಳ್ಳಿ. ಒಬ್ಬರ ಮಗ್ಗುಲು ಬದಲಿಸಿ ಡಯಾಪರ್ ನೋಡಲು ಇಬ್ಬರಿಗೆ 8 ನಿಮಿಷ. ಹತ್ತು ಮಂದಿಗೆ 80 ನಿಮಿಷ. ಎರಡು ಗಂಟೆಯಲ್ಲಿ ಉಳಿದದ್ದು 40 ನಿಮಿಷ, ಅದರಲ್ಲಿ ಉಳಿದ 20 ಜನರ ಶೌಚ, ನೀರು, ಕರೆಗಂಟೆ, ಬರವಣಿಗೆ ಎಲ್ಲ ಆಗಬೇಕು. ಒಬ್ಬರು ವಾಂತಿ ಮಾಡಿದರೆ ಆ ಸುತ್ತು ತಪ್ಪಿತು. ಒಬ್ಬರೇ ಆಯಾ ಇದ್ದರಂತೂ ಎತ್ತಿ ಸರಿಸುವ ಮಾತೇ ಇಲ್ಲ, ಎಳೆಯುವುದೊಂದೇ ದಾರಿ. ಆಗಲೂ ಚಾರ್ಟ್ ಮಾತ್ರ ತುಂಬಿರುತ್ತದೆ, ಖಾಲಿ ಬಿಟ್ಟರೆ ಕೆಲಸ ಹೋಗುತ್ತದಲ್ಲ.

ಆದ್ದರಿಂದ ಚಾರ್ಟ್ ಅನ್ನು ಓದುವ ಕ್ರಮ ಬೇರೆ. 8, 10, 12 ಎಂದು ಒಂದು ನಿಮಿಷವೂ ಹೆಚ್ಚುಕಡಿಮೆಯಿಲ್ಲದ ಸಮಯ ಇದೆಯೆ, ಪಾಳಿ ಬದಲಾದ ಮೇಲೂ ಅದೇ ಕೈಬರಹ, ಅದೇ ಪೆನ್ನು ಇದೆಯೆ, ನೀವು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿಕೊಂಡಿದ್ದ ಹೊತ್ತಿನಲ್ಲಿ ‘ಬಲ ಮಗ್ಗುಲು’ ಎಂದಿದೆಯೆ, ಸಂಜೆ 4ಕ್ಕೆ ಹೋದಾಗ 6ರ ಕಾಲಮ್ಮಿಗೂ ಸಹಿ ಬಿದ್ದಿದೆಯೆ ಎಂದು ನೋಡಿ. ಹೋದ ಕೂಡಲೇ ಅಮ್ಮನ ಭಂಗಿ ಗುರುತು ಮಾಡಿಕೊಂಡು ಎರಡೂವರೆ ಗಂಟೆ ಅಲ್ಲೇ ಇದ್ದರೆ ಉತ್ತರ ತಾನಾಗಿ ಸಿಗುತ್ತದೆ.

ಈಗ ಏನು ಮಾಡುವುದು

ಕೆಲವು ಲಕ್ಷಣಗಳಿದ್ದರೆ ಈ ಚರ್ಚೆಯೆಲ್ಲ ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಹುಣ್ಣಿನಿಂದ ಕೀವು, ಕೆಟ್ಟ ವಾಸನೆ. ಸುತ್ತ ಹರಡುತ್ತಿರುವ ಕೆಂಪು, ಬಿಸಿ, ಊತ. ಮೈ ಬಿಸಿ 37.8 ಡಿಗ್ರಿ ಸೆಲ್ಸಿಯಸ್ ದಾಟುವುದು, ಅಥವಾ ಅವರ ಎಂದಿನ ಮೈ ಬಿಸಿಗಿಂತ 1.1 ಡಿಗ್ರಿ ಏರುವುದು (ವೃದ್ಧರಲ್ಲಿ ದೊಡ್ಡ ಸೋಂಕಿಗೂ ದೊಡ್ಡ ಜ್ವರ ಬಾರದೆ ಇರಬಹುದು). ನಿಮಿಷಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು ಉಸಿರು. ಎಬ್ಬಿಸಿದರೂ ಏಳದ ಮಂಪರು. ಈ ಕೊನೆಯದನ್ನು ಮಾತ್ರೆಯ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಇವ್ಯಾವೂ ಇಲ್ಲದಿದ್ದರೂ ಎರಡು ದಿನದೊಳಗೆ ವೈದ್ಯರು ಗಾಯವನ್ನು ಕಣ್ಣಾರೆ ನೋಡಬೇಕು.

ಅದಾದ ಮೇಲೆ, ನನ್ನ ಅಭಿಪ್ರಾಯ ಕೇಳಿದರೆ, ಈ ವಾರ ಅಮ್ಮನನ್ನು ಎಲ್ಲಿಗೂ ಸ್ಥಳಾಂತರಿಸಬೇಡಿ. ಕೇಂದ್ರಕ್ಕೆ 14 ದಿನ ಕೊಡಿ, ಆದರೆ ಬಾಯಿಮಾತಿನ ಭರವಸೆಗೆ ಕೊಡಬೇಡಿ. ಹಿರಿಯ ನರ್ಸ್, ವೈದ್ಯರು ಇಬ್ಬರನ್ನೂ ಕೂರಿಸಿ ಬರವಣಿಗೆಯಲ್ಲಿ ಯೋಜನೆ ಮಾಡಿಸಿ. ಯಾವ ಮಗ್ಗುಲು ಯಾವ ಹೊತ್ತಿಗೆ, ಯಾವ ಡ್ರೆಸಿಂಗ್ ಎಷ್ಟು ದಿನಕ್ಕೊಮ್ಮೆ, ಊಟ ತಿನ್ನಿಸುವವರು ಯಾರು, ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ, ಮಾತ್ರೆ ಇಳಿಸುವ ಕ್ರಮ ಎಲ್ಲ ಅದರಲ್ಲಿರಲಿ. ಗಾಯದ ಉದ್ದ, ಅಗಲವನ್ನು ಪ್ರತಿ ವಾರ ಒಂದೇ ಭಂಗಿಯಲ್ಲಿ ಮಲಗಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮುಖ ಬಾರದಂತೆ, ಅಮ್ಮನಿಗೆ ಹೇಳಿ, ಫೋಟೊ ತೆಗೆಯಿರಿ. ಎರಡನೆಯ ಹಂತದ ಗಾಯ ಎರಡು ವಾರದಲ್ಲಿ ಮಾಯುವ ಸೂಚನೆಯನ್ನಾದರೂ ತೋರಬೇಕು. ಅಂಚಿನಿಂದ ಗುಲಾಬಿ ಚರ್ಮ ಒಳಕ್ಕೆ ಬರುತ್ತಿರುವುದು ಆ ಸೂಚನೆ. ತೋರದಿದ್ದರೆ ಯೋಜನೆ ಬದಲಾಗಬೇಕು. ಯೋಜನೆಯೇ ನಡೆದಿಲ್ಲವೆಂದಾದರೆ ಕೇಂದ್ರ ಬದಲಾಗಬೇಕು.

ಜೋರು ಮಾಡಿದರೆ ಅಮ್ಮನಿಗೆ ತೊಂದರೆ ಎಂಬ ಭಯ ಸುಳ್ಳಲ್ಲ. ಅದಕ್ಕೆ ದೂರನ್ನು ವ್ಯಕ್ತಿಯ ಮೇಲೆ ಹಾಕದೆ ಹೊತ್ತಿನ ಮೇಲೆ ಹಾಕಿ. ‘ಆ ಆಯಾ ಸರಿಯಿಲ್ಲ’ ಎನ್ನುವ ಬದಲು ‘ಮಂಗಳವಾರ 3ರಿಂದ ಐದೂವರೆವರೆಗೆ ಬೆನ್ನ ಮೇಲೇ ಇದ್ದರು’ ಎಂದರೆ ಯಾರೂ ಅಲ್ಲಗಳೆಯಲಾರರು, ಯಾರಿಗೂ ಮುಖಭಂಗವಾಗುವುದಿಲ್ಲ. ಮಾತಾಡಿದ್ದನ್ನು ಅದೇ ಸಂಜೆ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ. ಹೋಗುವ ಹೊತ್ತನ್ನು ಬದಲಿಸುತ್ತಿರಿ. ಆದರೆ ಹೊಡೆತ, ಕಟ್ಟಿಹಾಕುವಿಕೆಯ ಅನುಮಾನ ಬಂದರೆ ಈ ನಯವೆಲ್ಲ ಬೇಡ. ನೇರ ವೈದ್ಯರಿಗೆ ತೋರಿಸಿ, ಅಧಿಕಾರಿಗಳಿಗೆ ದೂರು ಕೊಟ್ಟು, ಅಂದೇ ಅಮ್ಮನನ್ನು ಕರೆತನ್ನಿ. ಮುಂಗೈಯ ಹಿಂಬದಿಯಲ್ಲಿ ಚಪ್ಪಟೆ ನೇರಳೆ ಮಚ್ಚೆಗಳು ಹಳೆಯ ಚರ್ಮದಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ತಾವಾಗಿ ಬರುತ್ತವೆ. ತೋಳಿನ ಒಳಬದಿಯಲ್ಲಿ ಬೆರಳಚ್ಚಿನಂತೆ ಕಂದಿದ ಗುರುತು, ಎರಡೂ ಮಣಿಕಟ್ಟಿನ ಸುತ್ತ ಗೆರೆ ಹಾಗೆ ಬರುವುದಿಲ್ಲ.

ಬೇರೆ ಕೇಂದ್ರಕ್ಕೆ ಒಯ್ಯುವುದರಲ್ಲೂ ಅಪಾಯವಿದೆ. ಮರೆವಿರುವವರಿಗೆ ಹೊಸ ಜಾಗದಲ್ಲಿ ಗೊಂದಲ ಏರಬಹುದು, ಮಾತ್ರೆಗಳ ಪಟ್ಟಿ ತಪ್ಪುವುದೂ ಈ ಸ್ಥಳಾಂತರದ ಹೊತ್ತಿನಲ್ಲೇ. ಒಯ್ಯುವುದಾದರೆ ಸ್ವಾಗತ ಕೋಣೆ, ತೋಟ ನೋಡಿ ಒಪ್ಪಬೇಡಿ, ಊಟದ ಹೊತ್ತಿಗೋ ರಾತ್ರಿ ಎಂಟಕ್ಕೋ ಹೋಗಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಆಯಾ, ನರ್ಸ್ ಕಟ್ಟಡದಲ್ಲೇ ಇರುತ್ತಾರೆಯೆ, ಈಗ ಎಷ್ಟು ಮಂದಿಗೆ ಬೆಡ್ ಸೋರ್ ಇದೆ, ಅವುಗಳಲ್ಲಿ ಇಲ್ಲೇ ಆದದ್ದೆಷ್ಟು ಎಂದು ಕೇಳಿ. ‘ಒಂದೂ ಇಲ್ಲ’ ಎಂಬ ಉತ್ತರಕ್ಕಿಂತ ‘ಎರಡಿದೆ, ಒಂದು ಇಲ್ಲಿಯದೇ, ಹೀಗಾಯಿತು’ ಎನ್ನುವವರನ್ನು ನಾನು ಹೆಚ್ಚು ನಂಬುತ್ತೇನೆ.

ಮನೆಗೆ ಕರೆತರುವ ಆಸೆ ಸಹಜ, ಆದರೆ ಲೆಕ್ಕ ಅಲ್ಲೂ ಅದೇ. ದಿನಕ್ಕೆ 12 ಬಾರಿ ಮಗ್ಗುಲು, ಊಟಕ್ಕೇ ಒಂದೂವರೆ ಗಂಟೆ, ರಾತ್ರಿಯ ಸುತ್ತುಗಳು. ಹಗಲಿಗೊಬ್ಬರು, ರಾತ್ರಿಗೊಬ್ಬರು ತರಬೇತಾದ ಸಹಾಯಕರು, ಎತ್ತರ ಹೊಂದಿಸುವ ಮಂಚ, ಸರಿಸಲು ಜಾರುಬಟ್ಟೆ, ವಾರಕ್ಕೆರಡು ಬಾರಿಯಾದರೂ ಡ್ರೆಸಿಂಗ್‌ಗೆ ಬರುವ ನರ್ಸ್ ಇಷ್ಟೂ ಹೊಂದಿದ ಮೇಲೆ ತನ್ನಿ. ಹೊಂದಿಸದೆ ತಂದರೆ ಒಂದು ತಿಂಗಳೊಳಗೆ ನಿಮ್ಮ ಬೆನ್ನು ಹಿಡಿಯುತ್ತದೆ, ರಾತ್ರಿಯ ಎರಡು ಸುತ್ತು ತಪ್ಪುತ್ತವೆ, ಅದೇ ಹುಣ್ಣು ಮನೆಯಲ್ಲೂ ಆಗುತ್ತದೆ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿಲ್ಲ, ಆದರೆ ಇರುವ ಸಾಧ್ಯತೆ ಹೆಚ್ಚು. ಇವತ್ತು ಹೋದಾಗ ಕಾಲುಚೀಲ ತೆಗೆದು ಎರಡೂ ಹಿಮ್ಮಡಿ ನೋಡಿ, ಎಡದ್ದನ್ನು ಮೊದಲು. ಸ್ಪರ್ಶವಿಲ್ಲದ ಕಾಲಿನ ಹಿಮ್ಮಡಿ ದಿನಗಟ್ಟಲೆ ಒತ್ತಿದರೂ ಅವರು ‘ಅಮ್ಮಾ’ ಎನ್ನುವುದಿಲ್ಲ. ಕಪ್ಪಗೆ ಗಟ್ಟಿಯಾದ, ಒಣಗಿದ ಹೊಪ್ಪಳೆ ಇದ್ದರೆ ಕೀಳಬೇಡಿ, ಕೀಳಲು ಬಿಡಬೇಡಿ, ವೈದ್ಯರಿಗೆ ತೋರಿಸಿ. ಏನೂ ಇಲ್ಲದಿದ್ದರೆ ಮೊಣಕಾಲಿನಿಂದ ಕಣಕಾಲಿನವರೆಗೆ ಮೀನಖಂಡದ ಕೆಳಗೆ ಒಂದು ದಿಂಬು ಉದ್ದಕ್ಕೆ ಇಡಿ. ಹಿಮ್ಮಡಿ ದಿಂಬಿನ ಅಂಚಿನಿಂದ ಆಚೆ ತೇಲುತ್ತಿರಬೇಕು, ಕೆಳಗೆ ಒಂದು ಹಾಳೆ ಕಾಗದ ತೂರಿಸಿದರೆ ತಡೆಯಿಲ್ಲದೆ ಹೋಗಬೇಕು.